ಬೇಕು, ಯಾಕೋ, ಯಾಕೆಂದರೆ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಿಮ್ಮ ಭಾನುವಾರದ ಪುರವಣಿಯಲ್ಲಿ ಒಳಮನಸ್ಸಿನ ಮಾತು ಕೇಳಿ ಎನ್ನುವ ಬರಹ ಬಂದಿತ್ತು. ತಡವಾಗಿ ಬರೆಯುತ್ತಿದ್ದೇನೆ, ಅದಕ್ಕೆ ಕಾರಣ ಇದೆ. ಆ ಪುಟದ ಫೋಟೊ ತೆಗೆದು ನನಗೆ ಕಳಿಸಿದ್ದು ನನ್ನ ತಮ್ಮನ ಮಗಳು. ಐದು ನಿಮಿಷಕ್ಕೆ ಫೋನೂ ಬಂತು. “ಅತ್ತೆ, ಓದಿದ್ರಾ? ನಾನು ಆರು ತಿಂಗಳಿಂದ ಬಾಯಿ ಬಡ್ಕೋತಿರೋದೂ ಇದೇ ಅಲ್ವಾ?”

ಅವಳಿಗೆ 29 ವರ್ಷ. ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಒಳ್ಳೆಯ ಕೆಲಸ. ಅದನ್ನು ಬಿಟ್ಟು ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುವ ಟೀಚರ್ ಆಗುತ್ತೇನೆ ಎಂದು ಕೂತಿದ್ದಳು. ಅವಳಪ್ಪ ಬೇಡವೇ ಬೇಡ ಅಂತಾನೆ. ಅವಳಮ್ಮ ಇನ್ನೊಂದು ಸಲ ಯೋಚನೆ ಮಾಡು ಅಂತಾಳೆ. ನಾನು ಮಾತ್ರ ಸುಮ್ಮನಿದ್ದೆ. ನಿಮ್ಮ ಪತ್ರಿಕೆ ಅವಳ ಪರ ಸಾಕ್ಷಿ ಹೇಳಿದ ಮೇಲೆ ನಾನೂ ಬಾಯಿ ಬಿಡಬೇಕಾಯಿತು.

ಬರಹ ಚೆನ್ನಾಗಿದೆ. ನನ್ನ ತಕರಾರು ಒಂದೇ ಮಾತಿನ ಮೇಲೆ. ಒಳಮನಸ್ಸು ಯಾವತ್ತೂ ಸುಳ್ಳು ಹೇಳುವುದಿಲ್ಲ ಎಂದಿದ್ದಾರೆ. ಇರಲಿ, ಒಪ್ಪೋಣ. ಆದರೆ ಮಾತಾಡುತ್ತಿರುವುದು ಒಳಮನಸ್ಸೇ ಅಂತ ಗೊತ್ತಾಗುವುದು ಹೇಗೆ? ಅದರ ದನಿಯಲ್ಲಿ ಬೇರೆ ಯಾರೋ ಮಾತಾಡುತ್ತಿದ್ದರೆ?

ನಾನು 34 ವರ್ಷ ನರ್ಸ್ ಆಗಿದ್ದವಳು. ಆಪರೇಷನ್ ಆದವರ ವಾರ್ಡಿನಲ್ಲೇ ಜಾಸ್ತಿ. ಅಲ್ಲಿ ‘ಯಾಕೋ’ ಎನ್ನುವ ಪದಕ್ಕೆ ದೊಡ್ಡ ಮರ್ಯಾದೆ. “ಏಳನೇ ಬೆಡ್ ಯಾಕೋ ಸರಿ ಕಾಣ್ತಿಲ್ಲ” ಎಂದು ಹಳೆಯ ಸಿಸ್ಟರ್ ಯಾರಾದರೂ ಅಂದರೆ, ಬುದ್ಧಿ ಇರುವ ಡಾಕ್ಟರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಎದ್ದು ಬರುತ್ತಾರೆ.

ಒಂದು ನೈಟ್ ಡ್ಯೂಟಿ ಹೇಳುತ್ತೇನೆ. ಬೆಳಗಿನ ಜಾವ ಐದೂ ಇಪ್ಪತ್ತು. ಏಳಕ್ಕೆ ಹ್ಯಾಂಡೋವರ್ ಕೊಟ್ಟರೆ ನಾನು ಮನೆಗೆ. ಹಿಂದಿನ ದಿನ ಹೊಟ್ಟೆಯ ಆಪರೇಷನ್ ಆದ ಒಬ್ಬರಿದ್ದರು, ಐವತ್ತರ ಆಸುಪಾಸು. ಬಿಪಿ ಸರಿ ಇತ್ತು. ಬೆರಳಿಗೆ ಹಾಕುವ ಆಕ್ಸಿಜನ್ ಕ್ಲಿಪ್ಪಿನಲ್ಲೂ ತೊಂದರೆ ಕಾಣಲಿಲ್ಲ. ಜ್ವರ ಇಲ್ಲ. ಅವರ ಬೆಡ್ ದಾಟಿ ನಾಲ್ಕು ಹೆಜ್ಜೆ ಹೋದವಳು ನಿಂತೆ. ಯಾಕೋ.

ಅದೇ ಹೊತ್ತಿಗೆ ತಲೆಯೊಳಗೆ ಇನ್ನೊಂದು ದನಿ: ಏನಿಲ್ಲ ಬಿಡು, ಮಲಗಿದ್ದಾರೆ, ಇನ್ನೊಂದೂವರೆ ಗಂಟೆ ಅಷ್ಟೇ. ಅದು ನನ್ನ ನಿದ್ದೆಯ ದನಿ. ಡಾಕ್ಟರನ್ನು ಎಬ್ಬಿಸಿ, ಏನೂ ಇಲ್ಲ ಅಂತಾಗಿ, ಬೈಸಿಕೊಳ್ಳಬಾರದು ಅನ್ನುವ ಆಸೆಯೂ ಅದರಲ್ಲಿ ಸೇರಿತ್ತು. ಎಷ್ಟು ಸಮಾಧಾನವಾಗಿ, ಎಷ್ಟು ಅನುಭವಸ್ಥರ ಹಾಗೆ ಮಾತಾಡಿತು ಅಂದರೆ, ಅದೇ ಒಳಮನಸ್ಸು ಅಂತ ಯಾರಾದರೂ ನಂಬಬೇಕು.

ವಾಪಸ್ ಹೋಗಿ ಚಾರ್ಟ್ ತೆಗೆದೆ. ಉಸಿರಾಟದ ಸಾಲಿನಲ್ಲಿ ರಾತ್ರಿಯಿಡೀ 18, 18, 20, 18. ಅದರಲ್ಲಿ ಎರಡು ನನ್ನದೇ ಕೈಬರಹ. ಈ ಕಸುಬಿನಲ್ಲಿರುವವರಿಗೆ ಈ ಸಾಲಿನ ಕಥೆ ಗೊತ್ತು. ಬಿಪಿ ಯಂತ್ರ ಹೇಳುತ್ತದೆ, ಉಸಿರನ್ನು ಕೂತು ಎಣಿಸಬೇಕು. ಎಣಿಸಲು ಪುರುಸೊತ್ತಿಲ್ಲದಿದ್ದರೆ ಕೈ ತಾನಾಗಿ 18 ಅಂತ ಬರೆದುಬಿಡುತ್ತದೆ. ವಾಚು ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿದೆ. 28. ದೊಡ್ಡವರಿಗೆ 12ರಿಂದ 20 ಇರಬೇಕಾದದ್ದು. ಡಾಕ್ಟರಿಗೆ ಫೋನ್ ಮಾಡಿದೆ. ಒಳಗೆ ರಕ್ತ ಸೋರುತ್ತಿತ್ತು. ಏಳಕ್ಕೆ ಮುಂಚೆ ಅವರು ಮತ್ತೆ ಆಪರೇಷನ್ ಥಿಯೇಟರಿನಲ್ಲಿದ್ದರು. ಬಿಪಿ ಬೀಳುವುದು ತಡವಾಗಿ. ಮೈ ಅಷ್ಟು ಹೊತ್ತು ಹೇಗೋ ತಡೆದುಕೊಳ್ಳುತ್ತದೆ. ಉಸಿರು ಮೊದಲೇ ಹೇಳಿಬಿಡುತ್ತದೆ.

ಮನೆಗೆ ಹೋಗಿ ಮಲಗಿದ ಮೇಲೆ ಯೋಚಿಸಿದೆ. ಆ ‘ಯಾಕೋ’ ಎಲ್ಲಿಂದ ಬಂತು? ಸಂಜೆ ಅಷ್ಟು ಮಾತಾಡಿದ್ದ ಮನುಷ್ಯ ರಾತ್ರಿ ಬರೀ ತಲೆ ಆಡಿಸುತ್ತಿದ್ದರು. ತಲೆಯ ಕಡೆ ಮಂಚ ಎತ್ತಿಸಿ ಅಂತ ಎರಡು ಸಲ ಕೇಳಿದ್ದರು. ಸೂಜಿ ನೋಡಲು ಕೈ ಹಿಡಿದಾಗ ತಣ್ಣಗಿತ್ತು. ಬೆರಳುಗಳು ಹೊದಿಕೆಯ ಅಂಚನ್ನು ಸುಮ್ನೆ ಹಿಂಡುತ್ತಿದ್ದವು. ಕಣ್ಣು ಇದನ್ನೆಲ್ಲ ನೋಡಿತ್ತು, ಬಾಯಿಗೆ ಮಾತು ಮಾತ್ರ ಬಂದಿರಲಿಲ್ಲ. 1978ರಲ್ಲಿ ಅರ್ಥಶಾಸ್ತ್ರಕ್ಕೆ ನೊಬೆಲ್ ಪಡೆದ ಹರ್ಬರ್ಟ್ ಸೈಮನ್ ಅವರ ಪ್ರಕಾರ ಒಳಮನಸ್ಸು ಅಂದರೆ ಗುರುತು ಹಿಡಿಯುವುದು, ಅದಕ್ಕಿಂತ ಜಾಸ್ತಿಯೂ ಅಲ್ಲ, ಕಡಿಮೆಯೂ ಅಲ್ಲ. ನಿವೃತ್ತಿಯಾದ ಮೇಲೆ ಇದನ್ನು ಓದಿ, ಅಯ್ಯೋ, ಇದು ನಮ್ಮ ವಾರ್ಡಿನ ಮಾತೇ ಅಲ್ವಾ ಅನಿಸಿತು. ಎಷ್ಟೋ ಸಲ ಕಂಡ ಮುಖವನ್ನು ದೂರದಿಂದಲೇ ಗುರುತು ಹಿಡಿಯುತ್ತೇವಲ್ಲ, ಹಾಗೆ.

ಇಷ್ಟು ಓದಿದರೆ ನಾನು ನಿಮ್ಮ ಲೇಖಕರ ಪರವೇ ಇದ್ದೇನೆ ಅನಿಸಬಹುದು. ನಾನೂ ಹಾಗೇ ಅಂದುಕೊಂಡಿದ್ದೆ, 43ನೇ ವಯಸ್ಸಿನವರೆಗೆ.

ಆ ವರ್ಷ ಬೇರೊಂದು ಆಸ್ಪತ್ರೆಯಿಂದ ಕರೆ ಬಂತು, ನರ್ಸಿಂಗ್ ಸೂಪರಿಂಟೆಂಡೆಂಟ್ ಕೆಲಸಕ್ಕೆ. ಕೇಳಿದ ಕೂಡಲೇ ಎದೆ ಹಗುರಾಯಿತು. ಇದು ನನಗೆಂದೇ ಇಟ್ಟ ಜಾಗ ಎಂದು ಒಳಗಿನಿಂದ ಯಾರೋ ಹೇಳಿದ ಹಾಗೆ. ರೋಗಿಗಳ ವಿಷಯದಲ್ಲಿ ಅಷ್ಟು ಸಲ ಸರಿಯಾದ ಮನಸ್ಸು ನನ್ನ ವಿಷಯದಲ್ಲಿ ತಪ್ಪುತ್ತದೆಯೇ? ಒಪ್ಪಿಕೊಳ್ಳುವ ಮೊದಲು ಒಂದು ದಿನ ಜಾಗ ನೋಡಿ ಬರಲು ಹೋದೆ. ಅಲ್ಲಿದ್ದ ಮೇಡಂ ಎದ್ದು ಬಂದು ರೂಮು ತೋರಿಸಿದರು. ಬಾಗಿಲ ಮೇಲೆ ಹೆಸರಿನ ಹಲಗೆ. ಮೆತ್ತನೆ ಕುರ್ಚಿ. ಮೇಜಿನ ಮೇಲೆ ಡ್ಯೂಟಿ ಪಟ್ಟಿಗಳ ದೊಡ್ಡ ಗುಡ್ಡೆ. ನಾವು ಮಾತಾಡಿದ ಹತ್ತು ನಿಮಿಷದಲ್ಲಿ ಫೋನ್ ನಾಲ್ಕು ಸಲ ಹೊಡೆದುಕೊಂಡಿತು. ನಾಲ್ಕು ಸಲವೂ ಯಾರಿಗೋ ರಜೆ ಬೇಕು. ಆ ಮೇಡಂ ಕೈತೊಳೆಯುವುದನ್ನು ನಾನು ನೋಡಲೇ ಇಲ್ಲ. ನರ್ಸ್ ಒಬ್ಬರು ಹತ್ತು ನಿಮಿಷ ಕೈತೊಳೆಯದೆ ಇರುವುದನ್ನು ನೋಡಿ ನನಗೆ ಅಭ್ಯಾಸವಿಲ್ಲ. ಹೊಟ್ಟೆಯಲ್ಲಿ ಏನೋ ಚುಳ್ ಅಂದಿತು.

ಆ ಚುಳುಕಿಗೆ ಹೊಸ ಕೆಲಸದ ಭಯ ಅಂತ ಹೆಸರಿಟ್ಟು ಪಕ್ಕಕ್ಕೆ ಸರಿಸಿದೆ.

ಮನೆಗೆ ಬಂದು ಹಾಳೆ ತೆಗೆದುಕೊಂಡು ಕಾರಣ ಬರೆದೆ. ಒಂಬತ್ತು ಬಂದವು. ರಾತ್ರಿ ಪಾಳಿ ಇಲ್ಲ, ಸೊಂಟ ನೋವಿಗೆ ಒಳ್ಳೆಯದು, ಹೊಸಬರಿಗೆ ಕಲಿಸಬಹುದು, ಹೀಗೆ. ನಮ್ಮನೆಯವರು ಹಾಳೆ ಓದಿ ಒಂದೇ ಪ್ರಶ್ನೆ ಕೇಳಿದರು: “ಇದರಲ್ಲಿ ಎಷ್ಟನ್ನ ತೀರ್ಮಾನ ಆದ್ಮೇಲೆ ಬರೆದೆ?” ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಉತ್ತರ ಇತ್ತು ಅಂತ ತಿಳಿಯಲು ಎರಡು ವರ್ಷ ಬೇಕಾಯಿತು.

ಎರಡು ವರ್ಷ ನಾನು ಮಾಡಿದ್ದು ಪಾಳಿ ಹಂಚುವುದು, ಸ್ಟಾಕ್ ಪುಸ್ತಕಕ್ಕೆ ಸಹಿ ಹಾಕುವುದು, ಜಗಳ ಬಿಡಿಸುವುದು. ಯಾರ ನಾಡಿಯನ್ನೂ ಹಿಡಿಯಲಿಲ್ಲ. ಕೊನೆಗೆ ಹಳೆಯ ಜಾಗಕ್ಕೇ ಹೋಗಿ ಕೇಳಿಕೊಂಡೆ. ತೆಗೆದುಕೊಂಡರು, ಆದರೆ ಸೀನಿಯಾರಿಟಿ ಹೋಯಿತು. ನಾನೇ ಸೂಜಿ ಹಾಕುವುದು ಕಲಿಸಿದ ಹುಡುಗಿಯ ಕೈಕೆಳಗೆ ಕೆಲಸ. ಪಾಪ, ಅವಳೇ ನನಗಿಂತ ಜಾಸ್ತಿ ಸಂಕೋಚಪಟ್ಟಳು.

ಆಮೇಲೆ ಕೂತು ನೋಡಿದರೆ ಕಥೆ ತಿರುವುಮುರುವಾಗಿ ಕಂಡಿತು. ಎದೆ ಹಗುರಾಯಿತಲ್ಲ, ಅದು ಒಳಮನಸ್ಸಲ್ಲ, ಆಸೆ. ಕುರ್ಚಿಯ ಆಸೆ, ರಾತ್ರಿ ನಿದ್ದೆಯ ಆಸೆ. ಒಂಬತ್ತು ಕಾರಣ ಬರೆದದ್ದು ಬುದ್ಧಿಯೂ ಅಲ್ಲ, ಆಸೆಯೇ ನೇಮಿಸಿಕೊಂಡ ವಕೀಲ. ಒಳಮನಸ್ಸು ಮಾತಾಡಿದ್ದು ಒಂದೇ ಸಲ, ಆ ಚುಳುಕಿನಲ್ಲಿ. ಅದನ್ನು ಭಯ ಅಂದೆ. ನಮ್ಮ ಭಾಷೆಯಲ್ಲಿ ಮೂರಕ್ಕೂ ಬೇರೆ ಬೇರೆ ಪದವೇ ಇದೆ. ಆಸೆ ‘ಬೇಕು’ ಅನ್ನುತ್ತದೆ. ಒಳಮನಸ್ಸು ‘ಯಾಕೋ’ ಅನ್ನುತ್ತದೆ. ಬುದ್ಧಿ ‘ಯಾಕೆಂದರೆ’ ಅನ್ನುತ್ತದೆ. ತೊಂದರೆ ಏನೆಂದರೆ ‘ಬೇಕು’ ತನ್ನ ಹೆಸರು ಹೇಳಿಕೊಂಡು ಬರುವುದು ಕಡಿಮೆ. ಉಳಿದಿಬ್ಬರ ಬಟ್ಟೆ ಹಾಕಿಕೊಂಡು ಬರುತ್ತದೆ.

ಹಾಗಾದರೆ ವಾರ್ಡಿನಲ್ಲಿ ನಂಬಬಹುದಾದ ನನ್ನ ಮನಸ್ಸು ಆ ರೂಮಿನ ವಿಷಯದಲ್ಲಿ ಯಾಕೆ ಕೈಕೊಟ್ಟಿತು? ಇದಕ್ಕೆ ನನಗೆ ಒಪ್ಪುವ ಉತ್ತರ ಸಿಕ್ಕಿದ್ದು ಇಬ್ಬರು ಮನಶ್ಶಾಸ್ತ್ರಜ್ಞರ ಹತ್ತಿರ. ಒಬ್ಬರು ಡೇನಿಯಲ್ ಕಾನೆಮನ್, ಮನಸ್ಸು ಹೇಗೆಲ್ಲ ಮೋಸಹೋಗುತ್ತದೆ ಎಂದು ತೋರಿಸಿ 2002ರಲ್ಲಿ ನೊಬೆಲ್ ಪಡೆದವರು. ಇನ್ನೊಬ್ಬರು ಗ್ಯಾರಿ ಕ್ಲೈನ್, ಬೆಂಕಿ ಆರಿಸುವ ದಳದವರು ಕ್ಷಣದಲ್ಲಿ ಸರಿಯಾಗಿ ತೀರ್ಮಾನಿಸುವುದನ್ನು ಕಂಡು ಒಳಮನಸ್ಸಿನ ಪರ ನಿಂತವರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂಥ ಜೋಡಿ. ವರ್ಷಗಟ್ಟಲೆ ಚರ್ಚೆ ಮಾಡಿ 2009ರಲ್ಲಿ ಇಬ್ಬರೂ ಸೇರಿ ಒಂದು ಪ್ರಬಂಧ ಬರೆದರು. ಅದರ ತಿರುಳು ಇಷ್ಟು: ಆ ಕೆಲಸದಲ್ಲಿ ಒಂದು ಕ್ರಮ ಇರಬೇಕು. ಅದನ್ನು ಕಲಿಯಲು ನಿಮಗೆ ಸಾಕಷ್ಟು ಅವಕಾಶ ಸಿಕ್ಕಿರಬೇಕು, ತಪ್ಪಿದರೆ ತಪ್ಪು ಅಂತ ಗೊತ್ತಾಗಬೇಕು. ಆಗ ಮಾತ್ರ ಒಳಮನಸ್ಸನ್ನು ನಂಬಬಹುದು. ಖಂಡಿತ ಹೀಗೇ ಅಂತ ಅನಿಸುವುದಕ್ಕೂ ಅದು ಸರಿ ಇರುವುದಕ್ಕೂ ಸಂಬಂಧ ಇಲ್ಲದೇ ಇರಬಹುದು.

ಇದನ್ನು ನನ್ನ ಬದುಕಿಗೆ ಹಚ್ಚಿ ನೋಡಿದೆ. ರೋಗಿ ಸರಿ ಇಲ್ಲ ಅಂತ ಸಾವಿರಾರು ಸಲ ಅನಿಸಿರಬೇಕು. ಹೆಚ್ಚಿನ ಸಲ ಒಂದು ಗಂಟೆಯಲ್ಲಿ, ಬಹಳ ಅಂದರೆ ಒಂದು ದಿನದಲ್ಲಿ ಹೌದೋ ಅಲ್ಲವೋ ಗೊತ್ತಾಗಿದೆ. ಕೆಲಸ ಬದಲಾಯಿಸಿದ್ದು ಎರಡು ಸಲ. ಮದುವೆ ಒಂದು ಸಲ. ವಾರ್ಡಿನಲ್ಲಿ ನನ್ನ ‘ಯಾಕೋ’ ಪದವಿ ಮುಗಿಸಿದೆ, ಬದುಕಿನ ದೊಡ್ಡ ತೀರ್ಮಾನಗಳಲ್ಲಿ ಅದು ಇನ್ನೂ ಒಂದನೇ ಕ್ಲಾಸು. ಅದಕ್ಕೆ ಹೆಡ್ ಮಾಸ್ತರಿಕೆ ಕೊಟ್ಟದ್ದು ನನ್ನ ತಪ್ಪು. ಆದರೂ ಆ ಚುಳುಕು ಯಾಕೆ ಸರಿಯಾಗಿತ್ತು? ಅದು ನನಗೆ ಗೊತ್ತಿದ್ದ ಜಾಗದಿಂದ ಬಂತು. ಕೈತೊಳೆಯದ ನರ್ಸ್ ಅನ್ನುವುದು ನನಗೆ ಗೊತ್ತಿದ್ದ ವಿಷಯ. ಕುರ್ಚಿ ಗೊತ್ತಿರಲಿಲ್ಲ.

ಹಾಗಂತ ಎಲ್ಲವನ್ನೂ ಬುದ್ಧಿಗೆ ಬಿಡಿ ಅನ್ನುವವರ ಜೊತೆಗೂ ನಾನಿಲ್ಲ. ಆಂಟೋನಿಯೊ ಡಮಾಸಿಯೊ ಎಂಬ ಮೆದುಳಿನ ವೈದ್ಯರ ರೋಗಿಗಳ ಕಥೆ ಓದಿದಾಗ ನರ್ಸ್ ಆಗಿ ನನಗೆ ಮೈ ನಡುಗಿತು. ಒಬ್ಬರಿಗೆ ಮೆದುಳಿನ ಮುಂಭಾಗದ ಗಡ್ಡೆ ತೆಗೆದಿದ್ದರು. ಬುದ್ಧಿ ಪರೀಕ್ಷೆಗಳಲ್ಲೆಲ್ಲ ಪಾಸು. ನೆನಪು ಸರಿ, ಮಾತು ಸರಿ. ಆದರೆ ಏನನ್ನು ಕಂಡರೂ ಬೇಕು ಬೇಡ ಅನ್ನುವ ಭಾವನೆ ಸತ್ತುಹೋಗಿತ್ತು. ತೀರ್ಮಾನ ಮಾಡಲಾಗದೆ ಕೆಲಸ ಹೋಯಿತು, ಸಂಸಾರ ಮುರಿಯಿತು. ಅದೇ ಥರದ ಇನ್ನೊಬ್ಬ ರೋಗಿಗೆ ಮುಂದಿನ ಭೇಟಿಗೆ ಎರಡು ದಿನಾಂಕ ಕೊಟ್ಟು ಒಂದನ್ನು ಆರಿಸಿ ಎಂದರಂತೆ. ಆತ ಡೈರಿ ತೆಗೆದು ಹೆಚ್ಚೂಕಡಿಮೆ ಅರ್ಧ ಗಂಟೆ ಎರಡರ ಪರ ವಿರೋಧ ಹೇಳುತ್ತಾ ಹೋದ. ಬೇರೆ ಕೆಲಸ, ಹವಾಮಾನ, ಎಲ್ಲವೂ ಬಂತು. ಕೊನೆಗೆ ಡಾಕ್ಟರೇ ಎರಡನೇ ದಿನ ಬನ್ನಿ ಎಂದರು. ಸರಿ ಎಂದು ಡೈರಿ ಮುಚ್ಚಿ ಹೊರಟ. ‘ಯಾಕೆಂದರೆ’ ಅಷ್ಟೂ ಇತ್ತು, ‘ಬೇಕು’ ಇರಲಿಲ್ಲ. ಆಸೆಯನ್ನು ಶತ್ರು ಅನ್ನುವ ಹಿರಿಯರಿಗೆ ಈ ಮನುಷ್ಯನನ್ನು ತೋರಿಸಬೇಕು.

ಚಾರ್ಲ್ಸ್ ಡಾರ್ವಿನ್ ಕೂಡ 1838ರಲ್ಲಿ ಮದುವೆಯಾಗಲೋ ಬೇಡವೋ ಅಂತ ಹಾಳೆಯಲ್ಲಿ ಎರಡು ಪಟ್ಟಿ ಮಾಡಿದ್ದರು. ಒಂದು ಕಡೆ ಸಮಯ ಹಾಳು, ಪುಸ್ತಕಕ್ಕೆ ದುಡ್ಡು ಕಡಿಮೆ. ಇನ್ನೊಂದು ಕಡೆ ಮುದಿತನಕ್ಕೆ ಜೊತೆ, ನಾಯಿ ಸಾಕುವುದಕ್ಕಿಂತ ವಾಸಿ! ಕೊನೆಗೆ ಪಟ್ಟಿಯ ಕೆಳಗೆ ಮದುವೆಯಾಗು, ಮದುವೆಯಾಗು, ಮದುವೆಯಾಗು ಎಂದು ಮೂರು ಸಲ ಬರೆದು, ಗಣಿತದ ಲೆಕ್ಕ ಮುಗಿಸಿದವರಂತೆ ಸಾಧಿಸಲಾಯಿತು ಅನ್ನುವ ಗುರುತು ಹಾಕಿದರು. ಮುಂದಿನ ಜನವರಿಯಲ್ಲಿ ಎಮ್ಮಾ ಅವರನ್ನು ಮದುವೆಯಾದರು, ಹತ್ತು ಮಕ್ಕಳಾದವು. ಲೆಕ್ಕ ಬಿಡಿಸಿದವರು ಉತ್ತರವನ್ನು ಮೂರು ಸಲ ಬರೆಯುವುದನ್ನು ನೀವು ಎಲ್ಲಾದರೂ ನೋಡಿದ್ದೀರಾ? ನನ್ನ ಒಂಬತ್ತು ಕಾರಣಗಳ ಹಾಳೆ ನೆನಪಾಗಿ ನಕ್ಕುಬಿಟ್ಟೆ. ಅವರದು ಫಲಿಸಿತು, ನನ್ನದು ಕೈಕೊಟ್ಟಿತು. ಅಷ್ಟೇ ವ್ಯತ್ಯಾಸ.

ಒಂದು ಸಣ್ಣ ವಿಷಯ ಸೇರಿಸುತ್ತೇನೆ, ಯಾಕೆಂದರೆ ಇದನ್ನು ಯಾರೂ ಬರೆಯುವುದಿಲ್ಲ. 34 ವರ್ಷದಲ್ಲಿ ನಾನು ಮೂರು ರಾಜೀನಾಮೆ ಪತ್ರ ಬರೆದು ಹರಿದು ಹಾಕಿದ್ದೇನೆ. ಮೂರನ್ನೂ ಬರೆದದ್ದು ನೈಟ್ ಡ್ಯೂಟಿ ಮುಗಿದ ಬೆಳಿಗ್ಗೆ. ಮೂರನ್ನೂ ಹರಿದದ್ದು ಮಧ್ಯಾಹ್ನ ನಿದ್ದೆಯಿಂದ ಎದ್ದ ಮೇಲೆ. ಈ ಬದುಕೇ ನನಗಲ್ಲ ಅಂತ ಅಷ್ಟು ಆಳದಿಂದ ಅನಿಸಿತ್ತಲ್ಲ, ಅದು ಬರೀ ನಿದ್ದೆ! ಅದಕ್ಕೇ ಯಾರು ಸಲಹೆ ಕೇಳಿದರೂ ನಾನು ಮೊದಲು ಕೇಳುವುದು, ಹೀಗೆ ಅನಿಸಿದಾಗ ಗಂಟೆ ಎಷ್ಟಾಗಿತ್ತು, ಎಷ್ಟು ಹೊತ್ತು ಮಲಗಿದ್ದೆ ಅಂತ.

ತಮ್ಮನ ಮಗಳಿಗೂ ಅದನ್ನೇ ಕೇಳಿದೆ. ಸಿಡುಕಿದಳು. ಆಮೇಲೆ ಹೇಳಿದೆ: ನೋಡು, ಟೀಚರ್ ಆಗ್ಬೇಕು ಅಂತ ನಿನ್ನ ಒಳಮನಸ್ಸು ಹೇಳ್ತಿಲ್ಲ. ಅದಕ್ಕೆ ಆ ಕ್ಲಾಸೇ ಗೊತ್ತಿಲ್ಲ, ಹೇಗೆ ಹೇಳುತ್ತೆ? ಇದು ನಿನ್ನ ಆಸೆ. ಆಸೆ ಅಂತ ನೆಟ್ಟಗೆ ಹೇಳು, ಅದರಲ್ಲಿ ನಾಚಿಕೆ ಏನಿದೆ? ಆಮೇಲೆ ಹೋಗಿ ಆ ಕ್ಲಾಸಿನಲ್ಲಿ ಐದು ದಿನ ಕೂತ್ಕೋ. ನಿನ್ನ ‘ಯಾಕೋ’ಗೆ ನೋಡೋಕೆ ಏನಾದ್ರೂ ಕೊಡು. ಅಲ್ಲಿರೋ ಟೀಚರ್ ಹತ್ರ ಈ ಕೆಲಸ ಹೇಗಿದೆ ಅಂತ ಕೇಳ್ಬೇಡ. ಎಲ್ಲರೂ ಚೆನ್ನಾಗಿದೆ ಅಂತಾರೆ. ನಿನ್ನೆ ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಮಾಡಿದ್ರಿ ಅಂತ ಕೇಳು.

ನಾನು ಆ ಸೂಪರಿಂಟೆಂಡೆಂಟ್ ಮೇಡಂ ಹತ್ತಿರ ಕೇಳಬೇಕಿದ್ದದ್ದು ಇದೇ ಪ್ರಶ್ನೆ. ಡೇನಿಯಲ್ ಗಿಲ್ಬರ್ಟ್ ಎಂಬ ಮನಶ್ಶಾಸ್ತ್ರಜ್ಞರು 2009ರಲ್ಲಿ ತೋರಿಸಿದ್ದೂ ಇದಕ್ಕೆ ಹತ್ತಿರದ್ದೇ. ಒಂದು ಅನುಭವ ನಮಗೆ ಹಿಡಿಸುತ್ತದೋ ಇಲ್ಲವೋ ಎಂದು ನಾವೇ ಊಹಿಸುವುದಕ್ಕಿಂತ, ಅದನ್ನು ಈಗಾಗಲೇ ಅನುಭವಿಸಿದ ಅಪರಿಚಿತರ ಮಾತು ಜಾಸ್ತಿ ಸರಿಯಾಗಿತ್ತಂತೆ. ತಮಾಷೆ ಎಂದರೆ, ಪರೀಕ್ಷೆಯಲ್ಲಿದ್ದವರು ಅದನ್ನು ಕಂಡ ಮೇಲೂ ಸ್ವಂತ ಊಹೆಯೇ ವಾಸಿ ಅನ್ನುತ್ತಿದ್ದರು. ಬೇರೆಯವರಿಗೂ ನನಗೂ ಹೋಲಿಕೆ ಏನು ಎಂಬ ಜಂಬ ಎಲ್ಲರಿಗೂ ಇರುತ್ತದೆ.

ಹುಡುಗಿ ರಜೆ ಹಾಕಿ ಹೋದಳು. ಮೊದಲ ದಿನ ಸಂಜೆ ಫೋನಿನಲ್ಲಿ ದನಿ ಬತ್ತಿತ್ತು. ಕಿವಿಯ ಯಂತ್ರಗಳು ಕೀ ಅಂತ ಶಿಳ್ಳೆ ಹೊಡೆಯುತ್ತವಂತೆ, ಅದನ್ನು ಸರಿಮಾಡುವುದರಲ್ಲೇ ಅರ್ಧ ಬೆಳಿಗ್ಗೆ ಹೋಯಿತಂತೆ. ಎರಡನೇ ದಿನ, ಒಬ್ಬ ಹುಡುಗನಿಗೆ ‘ಪ’ ಹೇಳಿಸುವ ಪಾಠ. ಟೀಚರ್ ಅವನ ಅಂಗೈಯನ್ನು ತನ್ನ ಬಾಯಿಯ ಮುಂದೆ ಹಿಡಿದು ‘ಪ’ ಅನ್ನುತ್ತಾರೆ, ಗಾಳಿ ಅಂಗೈಗೆ ತಾಗುತ್ತದೆ. ಆಮೇಲೆ ಅವನ ಕೈಯನ್ನು ಅವನದೇ ಬಾಯಿಯ ಮುಂದೆ. ಅವನು ಬಾಯಿ ತೆರೆಯುತ್ತಾನೆ, ಗಾಳಿ ಬರುವುದಿಲ್ಲ. ಮತ್ತೆ. ಮತ್ತೆ. ನಲವತ್ತು ನಿಮಿಷ. “ಬೇಜಾರಾಯ್ತು ಅತ್ತೆ. ಎದ್ದು ಹೋಗ್ಬಿಡೋಣ ಅನಿಸ್ತು” ಎಂದಳು. ನಾನು ಏನೂ ಹೇಳಲಿಲ್ಲ.

ಶುಕ್ರವಾರ ಹುಡುಗನಿಗೆ ‘ಪ’ ಬಂತಂತೆ. ಚಪ್ಪಾಳೆ ಗಿಪ್ಪಾಳೆ ಏನಿಲ್ಲ. ಟೀಚರ್ ಅವನ ಕೈಯನ್ನು ತೆಗೆದು ತಮ್ಮ ಗಂಟಲಿನ ಮೇಲೆ ಇಟ್ಟುಕೊಂಡು ‘ಬ’ ಶುರುಮಾಡಿದರಂತೆ. ಇದನ್ನು ಹೇಳುವಾಗ ಅವಳ ದನಿಯಲ್ಲಿ ಹಿಂದಿನ ಆರು ತಿಂಗಳ ಆವೇಶ ಇರಲಿಲ್ಲ. ಕೋರ್ಸಿಗೆ ಎರಡು ವರ್ಷ, ಕೂಡಿಟ್ಟದ್ದು ಹದಿನಾಲ್ಕು ತಿಂಗಳಿಗೆ ಸಾಕು, ಉಳಿದ ಹತ್ತು ತಿಂಗಳು ಅರ್ಧ ದಿನ ಲೆಕ್ಕ ಬರೆಯುವ ಕೆಲಸ ಸಿಗುತ್ತದಾ ನೋಡಬೇಕು ಎಂದಳು. ಅವಳು ‘ಯಾಕೆಂದರೆ’ ಅನ್ನದೆ ಲೆಕ್ಕ ಹೇಳಿದ್ದು ಅದೇ ಮೊದಲು.

ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ. ಕೆಲಸ ಬಿಟ್ಟು ಮನಸ್ಸಿನ ಹಿಂದೆ ಹೋಗಿ ಗೆದ್ದವರ ಕಥೆ ನಿಮ್ಮ ಪುರವಣಿಯಲ್ಲಿ ಆಗಾಗ ಬರುತ್ತದೆ. ಬರಲಿ. ಹೋಗಿ, ತಪ್ಪಿ, ಸೀನಿಯಾರಿಟಿ ಕಳೆದುಕೊಂಡು ವಾಪಸ್ ಬಂದವರನ್ನೂ ಒಮ್ಮೆ ಮಾತಾಡಿಸಿ. ಗುಣವಾದ ರೋಗಿಗಳು ಕೃತಜ್ಞತೆ ಹೇಳಲು ವಾರ್ಡಿಗೆ ಬರುತ್ತಾರೆ, ಗುಣವಾಗದವರು ಬರುವುದಿಲ್ಲ. ಬಂದವರನ್ನಷ್ಟೇ ಎಣಿಸಿದ್ದರೆ ನನ್ನಂಥ ನರ್ಸ್ ಲೋಕದಲ್ಲೇ ಇಲ್ಲ ಅಂತ ನಾನು ಬೀಗಬೇಕಿತ್ತು.

ಮೊನ್ನೆ ರಾತ್ರಿ ಮತ್ತೆ ಫೋನ್ ಮಾಡಿದ್ದಳು. ಒಳಮನಸ್ಸಿನ ಸುದ್ದಿ ಎತ್ತಲಿಲ್ಲ, ನಿಮ್ಮ ಬರಹದ್ದೂ ಇಲ್ಲ. “ಅತ್ತೆ, ದಿನವೆಲ್ಲ ನಿಂತೇ ಇರೋರು ಎಂಥ ಶೂ ಹಾಕ್ಕೋಬೇಕು? ನನ್ನ ಹಿಮ್ಮಡಿ ಇನ್ನೂ ನೋಯ್ತಿದೆ” ಎಂದಳು. ಹಿಮ್ಮಡಿ ಹತ್ತಿರ ಗಟ್ಟಿ ಇರಬೇಕು, ಬೆರಳಿಗೆ ಜಾಗ ಇರಬೇಕು, ಸಂಜೆ ಹೊತ್ತು ಹೋಗಿ ಹಾಕಿ ನೋಡು, ಆಗ ಕಾಲು ಸ್ವಲ್ಪ ಊದಿರುತ್ತೆ ಎಂದೆ. ಒಂದು ನಿಮಿಷ ತಾಳಿ ಅಂದಳು. ಪೆನ್ನು ಹುಡುಕುತ್ತಿದ್ದಳು.

ಇಂತಿ,
ನಿಮ್ಮ ಹಳೆಯ ಓದುಗರಲ್ಲೊಬ್ಬಳು, ನಿವೃತ್ತ ನರ್ಸ್